ಪ್ರಾಕ್ಟೀಸ್ ಮುಗಿಸಿ ಬಂದ ಮಕ್ಕಳಿಗೆ ಮನೆಯಲ್ಲಿ ಏನು ಮಾಡಬೇಕು?

ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಶಾಲಾ ಕ್ರೀಡಾಕೂಟಗಳು ಶುರುವಾದರೆ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಬಿಡುವೇ ಇರುವುದಿಲ್ಲ. ಬೆಳಗ್ಗೆ ಐದೂವರೆಗೆ ಗ್ರೌಂಡು, ಆಮೇಲೆ ಕ್ಲಾಸು, ಸಂಜೆ ಮತ್ತೆ ಗ್ರೌಂಡು, ಅದಾದ ಮೇಲೆ ಟ್ಯೂಷನ್ನು. ಅಪ್ಪ ಅಮ್ಮ ಶೂ ಕೊಡಿಸುತ್ತಾರೆ, ಫೀಸು ಕಟ್ಟುತ್ತಾರೆ, ಬೈಕಿನಲ್ಲಿ ಬಿಟ್ಟು ಬರುತ್ತಾರೆ. ಆದರೆ ಸುಸ್ತಾಗಿ ಮನೆಗೆ ಬಂದ ಮಗುವಿಗೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಗ್ರೌಂಡಿನಲ್ಲಿ ಮೈ ದಣಿಯುತ್ತದೆ. ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ, ಕೂಡಿಟ್ಟ ಶಕ್ತಿ ಖಾಲಿಯಾಗುತ್ತದೆ. ಅದೆಲ್ಲ ಸರಿಹೋಗಿ ಮೊದಲಿಗಿಂತ ಗಟ್ಟಿಯಾಗುವುದು ಮನೆಯಲ್ಲಿ, ಊಟ ಮಾಡಿ ಮಲಗಿದಾಗ. ಈ ವಯಸ್ಸಿನ ಮಕ್ಕಳಿಗೆ ಇನ್ನೊಂದು ಖರ್ಚೂ ಇದೆ. ಹುಡುಗಿಯರು 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ತುಂಬಾ ವೇಗವಾಗಿ ಎತ್ತರವಾಗುತ್ತಾರೆ. ತಿಂದ ಅನ್ನ, ಮಾಡಿದ ನಿದ್ದೆ ರಿಪೇರಿಗೂ ಸಾಲಬೇಕು, ಬೆಳೆಯುವುದಕ್ಕೂ ಸಾಲಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ನಿದ್ದೆ. ಆಮೇಲೆ ಊಟ, ಆಮೇಲೆ ನೀರು. ಐಸು, ಸ್ಪ್ರೇ, ಪೌಡರು ಎಲ್ಲ ಅದರ ನಂತರದ ಮಾತು. ಕೈಯಲ್ಲಿ ದುಡ್ಡು ಕಡಿಮೆ ಇರುವ ಮನೆಯವರು ಇದನ್ನು ಧೈರ್ಯವಾಗಿ ನಂಬಬಹುದು, ಯಾಕೆಂದರೆ ಮೊದಲ ಮೂರಕ್ಕೆ ದೊಡ್ಡ ಖರ್ಚಿಲ್ಲ. ಕೆಳಗಿನದ್ದನ್ನು ಸಂಜೆಯ ಪ್ರಾಕ್ಟೀಸ್ ಮುಗಿದ ಹೊತ್ತಿನಿಂದ ಗಡಿಯಾರದ ಪ್ರಕಾರವೇ ಬರೆದಿದ್ದೇನೆ.

ಗ್ರೌಂಡು ಬಿಡುವ ಮೊದಲು

ಕೊನೆಯ ರೌಂಡು ಓಡಿದ ಕೂಡಲೇ ಧೊಪ್ಪನೆ ಕೂತುಬಿಡುವುದು ಬೇಡ. ರಕ್ತವೆಲ್ಲ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. 5ರಿಂದ 10 ನಿಮಿಷ ನಿಧಾನವಾಗಿ ಓಡಿ, ಆಮೇಲೆ ನಡೆದು, ಉಸಿರು ಹತೋಟಿಗೆ ಬಂದ ಮೇಲೆ ಕೂರಲಿ. ಸ್ಟ್ರೆಚಿಂಗ್ ಮಾಡಿದರೆ ಹಿತವಾಗಿರುತ್ತದೆ, ಮಾಡಲಿ. ಆದರೆ ಅದರಿಂದ ಮರುದಿನದ ನೋವು ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಒಂದು ದಿನ ಬಿಟ್ಟುಹೋಯಿತು ಅಂತ ಬೈಯಬೇಕಾಗಿಲ್ಲ.

ಬ್ಯಾಗಿನಲ್ಲಿ ಒಂದು ಒಣ ಟೀ ಶರ್ಟು, ಒಂದು ಜೊತೆ ಚಪ್ಪಲಿ ಇರಲಿ. ಒದ್ದೆ ಸಾಕ್ಸಿನಲ್ಲೇ ಟ್ಯೂಷನ್ ಮುಗಿಸಿ ಬರುವ ಮಕ್ಕಳ ಬೆರಳ ಸಂದಿಯಲ್ಲಿ ಕಜ್ಜಿ ಆಗುವುದು ಮಳೆಗಾಲದಲ್ಲಿ ಮಾಮೂಲು.

ಎಷ್ಟು ನೀರು ಅಂತ ತಿಳಿಯುವುದು ಹೇಗೆ

"ಜಾಸ್ತಿ ನೀರು ಕುಡಿ" ಅಂತ ಹೇಳಿದರೆ ಮಕ್ಕಳು ಕೇಳುವುದಿಲ್ಲ. ಲೆಕ್ಕ ತೋರಿಸಿದರೆ ಕೇಳುತ್ತಾರೆ. ಮನೆಯಲ್ಲಿ ತೂಕದ ಮಷೀನ್ ಇದ್ದರೆ ಎರಡು ಮೂರು ದಿನ ಹೀಗೆ ಮಾಡಿ ನೋಡಿ. ಹೊರಡುವ ಮೊದಲು ಬಾತ್‌ರೂಮಿಗೆ ಹೋಗಿ ಬಂದು, ಕಡಿಮೆ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಲಿ. ಬಂದ ಮೇಲೆ ಬೆವರು ಒರೆಸಿಕೊಂಡು ಮತ್ತೆ ನೋಡಲಿ. ಹೋಗುವಾಗ 50 ಕೆಜಿ ಇದ್ದದ್ದು ಬರುವಾಗ 49.2 ಆಗಿದ್ದರೆ, ಆ 800 ಗ್ರಾಂ ಹೆಚ್ಚುಕಡಿಮೆ ಎಲ್ಲವೂ ಬೆವರೇ. ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಅದನ್ನೂ ಸೇರಿಸಿ, ಅಂದರೆ ಬೆವರಿದ್ದು 1.3 ಲೀಟರ್.

ತೂಕದಲ್ಲಿ ಕಮ್ಮಿಯಾದ ಪ್ರತಿ ಕೆಜಿಗೆ ಸುಮಾರು ಒಂದೂಕಾಲರಿಂದ ಒಂದೂವರೆ ಲೀಟರ್ ವಾಪಸ್ ಹೋಗಬೇಕು. ಮೇಲಿನ ಉದಾಹರಣೆಯ ಮಗುವಿಗೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಅಂತಾಯಿತು. ಗಟಗಟ ಒಂದೇ ಸಲ ಕುಡಿಯುವುದಲ್ಲ, ಊಟ ಮುಗಿಯುವ ತನಕ ಎರಡು ಗಂಟೆಯಲ್ಲಿ ಹಂಚಿ ಕುಡಿಯಬೇಕು. ಒಮ್ಮೆ ಲೆಕ್ಕ ಗೊತ್ತಾದ ಮೇಲೆ ಮಷೀನ್ ಪಕ್ಕಕ್ಕಿಡಿ. ದಿನಾ ತೂಕ ನೋಡುತ್ತಾ ಕೂತರೆ ಕೆಲವು ಮಕ್ಕಳು, ಅದರಲ್ಲೂ ಹುಡುಗಿಯರು, ತೂಕ ಇಳಿಸುವ ಯೋಚನೆಗೆ ಬೀಳುತ್ತಾರೆ. ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ಸಾಕು. ಗಾಢ ಹಳದಿ ಇದ್ದರೆ ಇನ್ನೂ ಕುಡಿಯಬೇಕು.

ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ಬೇರೆ ಬೇಕಾಗಿಲ್ಲ. ಎಳನೀರಿನಲ್ಲಿ ಪೊಟ್ಯಾಶಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ. ಹಾಗಾಗಿ ಎಳನೀರು ಕುಡಿದರೂ ಊಟದಲ್ಲಿ ಉಪ್ಪಿನಂಶ ಇರಬೇಕು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರಕ್ಕೆ ಹೋಗುವ ಮಕ್ಕಳಿಗೆ ಒಆರ್‌ಎಸ್ ಕೊಡುವುದಿದ್ದರೆ, ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪೊಟ್ಟಣವನ್ನೇ ತನ್ನಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಪೂರ್ತಿ ಪುಡಿ ಕಲಸಿ. ರುಚಿಗೆ ಅಂತ ನೀರು ಹೆಚ್ಚು ಕಡಿಮೆ ಮಾಡಬೇಡಿ. ಎನರ್ಜಿ ಡ್ರಿಂಕ್ ಮಾತ್ರ ಮನೆಗೆ ತರಲೇಬೇಡಿ. ಅದರಲ್ಲಿರುವುದು ಕೆಫೀನು ಮತ್ತು ಸಕ್ಕರೆ, ಬೆಳೆಯುವ ಮಕ್ಕಳಿಗೆ ಅದು ಬೇಡವೇ ಬೇಡ.

ಬಂದ ಕೂಡಲೇ ಒಂದಿಷ್ಟು ತಿಂಡಿ

ಊಟ ಒಂದು ಗಂಟೆಯೊಳಗೆ ಆಗುವುದಾದರೆ ಬೇರೆ ತಿಂಡಿಯ ಅಗತ್ಯವೇ ಇಲ್ಲ. ಟ್ಯೂಷನ್ನಿಗೆ ಹೋಗಿ ಒಂಬತ್ತಕ್ಕೆ ಬರುವ ಮಗುವಿಗೆ ಮಾತ್ರ ಬ್ಯಾಗಿನಲ್ಲೇ ಏನಾದರೂ ಇರಬೇಕು. ಬಾಳೆಹಣ್ಣು ಮತ್ತು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಇರಲಿ. ಹುರಿಗಡಲೆ ಬೆಲ್ಲ ಆಗಬಹುದು, ಬೇಯಿಸಿದ ಎರಡು ಮೊಟ್ಟೆ ಆಗಬಹುದು. ಮನೆಗೇ ಬರುವುದಾದರೆ ಮೊಸರವಲಕ್ಕಿ ಅಥವಾ ಹಾಲು ಹಾಕಿದ ರಾಗಿ ಮಾಲ್ಟ್ ಕೊಡಿ.

ಕ್ರೀಡಾಕೂಟದ ದಿನ ಲೆಕ್ಕ ಬೇರೆ. ಬೆಳಗ್ಗೆ ಹೀಟ್ಸ್, ಮಧ್ಯಾಹ್ನ ಸೆಮಿಫೈನಲ್, ಸಂಜೆ ಫೈನಲ್ ಇರುತ್ತದೆ. ಆಗ ಒಂದು ಓಟ ಮುಗಿದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಬೇಗ ಜೀರ್ಣವಾಗುವುದೇನಾದರೂ ಬೀಳಬೇಕು. ಬಾಳೆಹಣ್ಣು, ಇಡ್ಲಿ, ಬೆಲ್ಲದ ಪಾನಕ ಸಾಕು. ಎಣ್ಣೆಯಲ್ಲಿ ಕರಿದ ಬೋಂಡ, ಪೂರಿ ಫೈನಲ್ ಮುಗಿದ ಮೇಲೆ ತಿನ್ನಲಿ.

ರಾತ್ರಿ ಊಟದ ತಟ್ಟೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಮನೆಗಳಲ್ಲಿ ಅನ್ನ, ಮುದ್ದೆ, ರೊಟ್ಟಿಗೆ ಕೊರತೆ ಇಲ್ಲ, ಹಾಗಾಗಿ ಓಡುವ ಶಕ್ತಿಗೆ ತೊಂದರೆ ಇಲ್ಲ. ಕೊರತೆ ಬೀಳುವುದು ಪ್ರೋಟೀನಿಗೆ. ತರಬೇತಿ ಮಾಡುವ ಮಗುವಿಗೆ ದಿನಕ್ಕೆ, ತನ್ನ ತೂಕದ ಪ್ರತಿ ಕೆಜಿಗೆ ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕು. ಹೆಚ್ಚು ಕಸರತ್ತು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. 50 ಕೆಜಿಯ ಮಗುವಿಗೆ 60ರಿಂದ 75 ಗ್ರಾಂ ಅಂತ ಇಟ್ಟುಕೊಳ್ಳಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಿನಲ್ಲಿ 6ರಿಂದ 7. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಅರ್ಧ ಬಟ್ಟಲು, ಅಂದರೆ 50 ಗ್ರಾಂ ಒಣ ಹೆಸರುಕಾಳಿನಲ್ಲಿ ಅಥವಾ ಹುರುಳಿಯಲ್ಲಿ 11ರಿಂದ 12. ಬೇಯಿಸಿದ 100 ಗ್ರಾಂ ಕೋಳಿಯಲ್ಲಿ 25ರ ಹತ್ತಿರ. 50 ಗ್ರಾಂ ಒಣ ಸೋಯಾ ಚಂಕ್ಸಿನಲ್ಲೂ ಅಷ್ಟೇ ಸಿಗುತ್ತದೆ.

ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿ ನೀರು ಬಸಿದು ಆ ಕಟ್ಟಿನಿಂದ ಸಾರು ಮಾಡುತ್ತೇವೆ, ಉಳಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಪ್ರೋಟೀನ್ ಇರುವುದು ಬಹುಪಾಲು ಆ ಪಲ್ಯದಲ್ಲಿ. ಮಗು ಎರಡು ಮುದ್ದೆ ಸಾರಿನಲ್ಲಿ ನುಂಗಿ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿ ಎದ್ದುಹೋದರೆ, ಹೊಟ್ಟೆ ತುಂಬಿದೆ, ಸ್ನಾಯುವಿಗೆ ಬೇಕಾದದ್ದು ತಟ್ಟೆಯಲ್ಲೇ ಉಳಿದಿದೆ. ತಿಳಿ ಸಾರು ಅನ್ನದ ಕಥೆಯೂ ಇದೇ. ಬೇಳೆಯನ್ನು ಗಟ್ಟಿಯಾಗಿಯೇ ಬಡಿಸಿ. ಕೊನೆಗೆ ಒಂದು ಬಟ್ಟಲು ಮೊಸರು ಇರಲಿ.

ಉತ್ತರ ಕರ್ನಾಟಕದ ತಟ್ಟೆಯಲ್ಲಿ ಈ ತೊಂದರೆ ಕಡಿಮೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಅದಕ್ಕಿಂತ ಇನ್ನೇನು ಬೇಕು? ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದೆ. ಜೋಳ, ರಾಗಿ, ಕುಚ್ಚಲಕ್ಕಿ ಯಾವುದಾದರೂ ಸರಿ, ನಿಮ್ಮೂರಿನ ಊಟ ಬಿಟ್ಟು ಓಟ್ಸ್ ತರಬೇಕಾಗಿಲ್ಲ. ಬೆಳೆಯುವ ಮೂಳೆಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 350 ಮಿಲಿಗ್ರಾಂ ಇದೆ. ಉಳಿದದ್ದು ಹಾಲು, ಮೊಸರು, ಸೊಪ್ಪು, ಎಳ್ಳಿನಿಂದ ಬರಲಿ.

ಹುಡುಗಿಯರ ರಕ್ತದ ವಿಷಯ ಮರೆಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲೂ ಶೇ 31. ಕಷ್ಟಪಟ್ಟು ಓಡಿದರೂ ಟೈಮಿಂಗ್ ಹಿಂದೆ ಬೀಳುತ್ತಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದೆ ಅಂದರೆ ಸೋಮಾರಿತನ ಅಂತ ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಸೊಪ್ಪು ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣದಂಶ ಚೆನ್ನಾಗಿ ಸೇರುತ್ತದೆ. ಊಟದ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ, ಅವು ಅದನ್ನು ತಡೆಯುತ್ತವೆ.

ಪ್ರೋಟೀನ್ ಪೌಡರಿನ ಡಬ್ಬ ಕೇಳುವ ಮಕ್ಕಳಿಗೆ ಮೇಲಿನ ಲೆಕ್ಕ ತೋರಿಸಿ. ಅಡುಗೆ ಮನೆಯಲ್ಲೇ ಸಿಗುವುದಕ್ಕೆ ಸಾವಿರಾರು ರೂಪಾಯಿ ಕೊಡುವ ಅಗತ್ಯ ಕಾಣುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಕಲಬೆರಕೆಯಾದ ಡಬ್ಬದಿಂದ ನಿಷೇಧಿತ ವಸ್ತು ಮೈಗೆ ಸೇರಿ ಆಟಗಾರರ ಉದ್ದೀಪನ ಮದ್ದು ಪತ್ತೆ ಮಾಡುವ ರಾಷ್ಟ್ರೀಯ ಸಂಸ್ಥೆ ನಾಡಾದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, "ನನಗೆ ಗೊತ್ತಿರಲಿಲ್ಲ" ಅಂದ ಮಾತ್ರಕ್ಕೆ ಬಿಡುವುದಿಲ್ಲ. ಮೈಯಲ್ಲಿ ಏನು ಸಿಕ್ಕಿತೋ ಅದಕ್ಕೆ ಆಟಗಾರರೇ ಹೊಣೆ. ಜಿಮ್ಮಿನಲ್ಲಿ ಯಾರೋ ಅಣ್ಣ ಕೊಟ್ಟ ಪುಡಿಯನ್ನು ನಿಮ್ಮ ಮಗ ತೆಗೆದುಕೊಳ್ಳುತ್ತಿದ್ದಾನಾ ಅಂತ ಒಮ್ಮೆ ಕೇಳಿ.

ನಿದ್ದೆ

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹೊಮ್ಮುವುದು ಗಾಢ ನಿದ್ದೆಯಲ್ಲಿ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, 8 ಗಂಟೆಗಿಂತ ಕಡಿಮೆ ಮಲಗುವ ಶಾಲಾ ಆಟಗಾರರಿಗೆ ಗಾಯವಾಗುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಇತ್ತು.

ಈಗ ನಿಮ್ಮ ಮನೆಯ ಲೆಕ್ಕ ಹಾಕಿ. ಏಳಕ್ಕೆ ಪ್ರಾಕ್ಟೀಸ್ ಮುಗಿಯುತ್ತದೆ. ಟ್ಯೂಷನ್ ಒಂಬತ್ತರ ತನಕ. ಸ್ನಾನ, ಊಟ ಆಗುವಾಗ ಹತ್ತು. ಹೋಂವರ್ಕು ಹನ್ನೊಂದರ ತನಕ. ಆಮೇಲೆ ಅರ್ಧ ಗಂಟೆ ಫೋನು. ಬೆಳಗ್ಗೆ ಐದಕ್ಕೆ ಅಲಾರಂ. ಉಳಿದದ್ದು ಐದೂವರೆ ಗಂಟೆ. ಇಂಥ ಮಗುವಿಗೆ ಏನು ತಿನ್ನಿಸಿದರೂ, ಯಾವ ಕೋಚ್ ಹತ್ತಿರ ಕಳಿಸಿದರೂ ಪ್ರಯೋಜನ ಕಡಿಮೆ. ನೇರವಾಗಿ ಹೇಳಬೇಕೆಂದರೆ, ಇದರಲ್ಲಿ ಯಾವುದಾದರೂ ಒಂದನ್ನು ಕತ್ತರಿಸಲೇಬೇಕು.

ಏನನ್ನು ಕತ್ತರಿಸುವುದು? ನಾನು ಮೊದಲು ಕೈ ಹಾಕುವುದು ಬೆಳಗಿನ ಸೆಷನ್ನಿಗೆ. ವಾರಕ್ಕೆ ಆರು ದಿನ ಬೆಳಗ್ಗೆ ಸಂಜೆ ಎರಡೂ ಹೊತ್ತು ಇದ್ದರೆ, ಬೆಳಗಿನದ್ದನ್ನು ಮೂರು ದಿನಕ್ಕೆ ಇಳಿಸಲು ಆಗುತ್ತದಾ ಅಂತ ಕೋಚ್ ಹತ್ತಿರ ಕೇಳಿ. ಎರಡನೆಯದು ಟ್ಯೂಷನ್. ವಾರದ ದಿನ ಬಿಟ್ಟು ಶನಿವಾರ, ಭಾನುವಾರ ಹಗಲು ಹೊತ್ತಿಗೆ ಹಾಕಿಕೊಂಡರೆ ದಿನಕ್ಕೆ ಎರಡು ಗಂಟೆ ಉಳಿಯುತ್ತದೆ. ಮೂರನೆಯದು ಫೋನು. ಹತ್ತು ಗಂಟೆಗೆ ಮನೆಯ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಅಪ್ಪ ಹಾಸಿಗೆ ಮೇಲೆ ರೀಲ್ಸ್ ನೋಡುತ್ತಾ ಮಗನಿಗೆ ಬೇಡ ಅಂದರೆ ಯಾವ ಮಗ ಕೇಳುತ್ತಾನೆ?

ಈ ವಯಸ್ಸಿನಲ್ಲಿ ನಿದ್ದೆ ಬರುವ ಹೊತ್ತೇ ಒಂದೆರಡು ಗಂಟೆ ತಡವಾಗುತ್ತದೆ, ಅದು ದೇಹದ ಸಹಜ ಬದಲಾವಣೆ. "ಒಂಬತ್ತಕ್ಕೇ ಮಲಗು" ಅಂದರೆ ಮಗು ಸುಮ್ನೆ ಹೊರಳಾಡುತ್ತದೆ. ಹತ್ತಕ್ಕೆ ಮಲಗಿ ಆರೂವರೆಗೆ ಏಳುವಂತೆ ಮಾಡುವುದು ಸುಲಭ. ಸಂಜೆ ಐದರ ಕಾಫಿ ಬಿಡಿಸಿ, ಅದರ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಮಲಗುವ ಒಂದೂವರೆ ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುತ್ತದೆ. ಒಂದೇ ಕೋಣೆಯ ಮನೆಯಾದರೆ ಟೀವಿ ಆರಿಸಿ, ಮಗುವನ್ನು ಲೈಟಿನಿಂದ ದೂರದ ಮೂಲೆಯಲ್ಲಿ ಮಲಗಿಸಿ. ಭಾನುವಾರ ಒಂದೆರಡು ಗಂಟೆ ಹೆಚ್ಚು ಮಲಗಿದರೆ ಎಬ್ಬಿಸಬೇಡಿ. ಮಧ್ಯಾಹ್ನ 20–30 ನಿಮಿಷ ಮಲಗಿದರೂ ಒಳ್ಳೆಯದೇ.

ಮೈಕೈ ನೋವು ಯಾವುದು, ಗಾಯ ಯಾವುದು

ಹೊಸ ಕಸರತ್ತು ಮಾಡಿದ ಮರುದಿನ ತೊಡೆ, ಮೀನಖಂಡ ಹಿಡಿದುಕೊಂಡಿರುತ್ತದೆ. ಇದು 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಕೂತಿದೆ ಅಂತ ಗ್ರೌಂಡಿನಲ್ಲಿ ಹೇಳುತ್ತಾರೆ, ಅದು ಸರಿಯಲ್ಲ. ಓಟ ಮುಗಿದ ಒಂದೆರಡು ಗಂಟೆಯಲ್ಲೇ ಅದು ಖಾಲಿಯಾಗಿರುತ್ತದೆ. ಈ ನೋವಿಗೆ ಬಿಸಿನೀರು, ಕೊಬ್ಬರಿ ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕುವುದು, ನಿಧಾನ ನಡಿಗೆ, ಸೈಕಲ್ ಸಾಕು. ಫೋಮ್ ರೋಲರ್ ಇಲ್ಲದಿದ್ದರೆ ಲಟ್ಟಣಿಗೆಯಿಂದ ಮೀನಖಂಡವನ್ನು ಮೆಲ್ಲಗೆ ಉರುಳಿಸಬಹುದು. ಐಸ್ ಬಾತ್ ಮನೆಯಲ್ಲಿ ಬೇಕಾಗಿಲ್ಲ.

ಕಾಲು ಉಳುಕಿದರೆ ಬೇರೆ ದಾರಿ. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವಬೇಡಿ, ಬಿಸಿ ಶಾಖ ಕೊಡಬೇಡಿ, ಊತ ಹೆಚ್ಚುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಸುತ್ತಿ, ದಿಂಬಿನ ಮೇಲೆ ಕಾಲಿಡಲಿ. ಆಮೇಲೆ ಎರಡು ಪರೀಕ್ಷೆ ಮಾಡಿ. ಯಾರ ಸಹಾಯವೂ ಇಲ್ಲದೆ ನಾಲ್ಕು ಹೆಜ್ಜೆ ಇಡಲು ಆಗುತ್ತದಾ ನೋಡಿ, ಕುಂಟಿದರೂ ಪರವಾಗಿಲ್ಲ. ಹರಡಿನ ಎರಡೂ ಕಡೆ ಗುಂಡಗೆ ಉಬ್ಬಿರುವ ಮೂಳೆಯ ಹಿಂಭಾಗವನ್ನೂ ತುದಿಯನ್ನೂ ಬೆರಳಿನಿಂದ ಒತ್ತಿ ನೋಡಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಮೂಳೆ ಒತ್ತಿದಾಗ ಜೀವ ಹೋಗುವಂತೆ ನೋವಾದರೆ ಎಕ್ಸ್‌ರೇ ಆಗಲೇಬೇಕು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದು ಭಾಗ ಇರುತ್ತದೆ. ದೊಡ್ಡವರಲ್ಲಿ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಅಲ್ಲಿ ಮುರಿತವಾಗಿರಬಹುದು. ಎಕ್ಸ್‌ರೇ ನೋಡದೆ ನಾಟಿ ಕಟ್ಟು ಹಾಕಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದು, ಹಿಮ್ಮಡಿಯ ಹಿಂದೆ ನೋಯುವುದು ಬೇಗ ಎತ್ತರವಾಗುತ್ತಿರುವ ಮಕ್ಕಳಲ್ಲಿ ಸಾಮಾನ್ಯ. ಕಬಡ್ಡಿ, ಖೋ ಖೋ, ಲಾಂಗ್ ಜಂಪ್ ಮಾಡುವವರಲ್ಲಿ ಹೆಚ್ಚು. ಹೆದರಬೇಕಾಗಿಲ್ಲ, ಜಿಗಿತ ಕಡಿಮೆ ಮಾಡಿಸಿ ಡಾಕ್ಟರಿಗೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಮೂಳೆಯ ಮೇಲೆ ಬೆರಳಿಟ್ಟು ತೋರಿಸುವಂಥ ನೋವು, ಎರಡು ವಾರವಾದರೂ ಬಿಡದ ಕುಂಟು ಇದ್ದರೆ ತಡ ಮಾಡಬೇಡಿ. ತಲೆಗೆ ಪೆಟ್ಟಾಗಿ ಮಂಕಾದರೆ, ವಾಂತಿಯಾದರೆ ಆಗಲೇ ಆಸ್ಪತ್ರೆಗೆ ಹೋಗಿ. ಆ ದಿನ ಮತ್ತೆ ಆಟಕ್ಕೆ ಇಳಿಸುವ ಮಾತೇ ಇಲ್ಲ.

ನೋವಿನ ಮಾತ್ರೆ ನುಂಗಿ ಪ್ರಾಕ್ಟೀಸಿಗೆ ಹೋಗುವ ಅಭ್ಯಾಸ ಕೆಟ್ಟದ್ದು. ನೋವು ಮುಚ್ಚಿಹೋಗಿ ಗಾಯ ದೊಡ್ಡದಾಗುತ್ತದೆ. ಮೈಯಲ್ಲಿ ನೀರು ಕಡಿಮೆ ಇರುವಾಗ ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳಿಂದ ಕಿಡ್ನಿಗೂ ತೊಂದರೆ ಆಗಬಹುದು.

ವಾರದ ಲೆಕ್ಕ, ಕೋಚ್ ಜೊತೆ ಮಾತು

ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಇರಬೇಕು, ಎರಡಾದರೆ ಇನ್ನೂ ಒಳ್ಳೆಯದು. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ದಾಟದಂತೆ ನೋಡಿಕೊಳ್ಳಿ. 14 ವರ್ಷದವರಿಗೆ 14 ಗಂಟೆ, ಶಾಲೆಯ ಆಟ, ಕ್ಲಬ್ಬಿನ ಆಟ ಎರಡೂ ಸೇರಿ.

ಒಂದು ನೋಟ್‌ಬುಕ್ಕಿನಲ್ಲಿ ಮಗುವೇ ದಿನಾ ಮೂರು ಸಂಗತಿ ಬರೆಯಲಿ. ಎದ್ದ ಕೂಡಲೇ ಹಾಸಿಗೆಯಲ್ಲೇ ನಿಮಿಷಕ್ಕೆ ನಾಡಿ ಎಷ್ಟು, ಎಷ್ಟು ಗಂಟೆ ಮಲಗಿದ್ದೆ, ಇವತ್ತು ಗ್ರೌಂಡಿಗೆ ಹೋಗಲು ಮನಸ್ಸಿದೆಯಾ. ನಾಡಿ ಮಾಮೂಲಿಗಿಂತ 8–10 ಹೆಚ್ಚಾಗಿ, ಊಟ ಸೇರದೆ, ಮಾತುಮಾತಿಗೆ ಸಿಡುಕುತ್ತಾ ಮೂರು ನಾಲ್ಕು ದಿನ ಕಳೆದರೆ ದೇಹ ಸುಧಾರಿಸಿಕೊಂಡಿಲ್ಲ ಅಂತಲೇ ಅರ್ಥ. ಜ್ವರ ಇದೆಯಾ ನೋಡಿ, ಎರಡು ದಿನ ರಜೆ ಕೊಡಿಸಿ.

ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ, ಅಥವಾ 15 ವರ್ಷವಾದರೂ ಶುರುವಾಗದಿದ್ದರೆ, ಆಟ ಆಡುವವರಿಗೆ ಹಾಗೇ ಅಂತ ಬಿಡಬೇಡಿ. ಖರ್ಚಾಗುವಷ್ಟು ಊಟ ಹೋಗುತ್ತಿಲ್ಲ ಎಂಬುದರ ಸೂಚನೆ ಅದು, ಮೂಳೆ ಸವೆಯುತ್ತದೆ. ಅಮ್ಮನೋ ಅಕ್ಕನೋ ಸಂಕೋಚ ಬಿಟ್ಟು ಕೇಳಿ, ಡಾಕ್ಟರಿಗೆ ತೋರಿಸಿ. ಕುಸ್ತಿಯ ಹುಡುಗರು ತೂಕದ ವರ್ಗಕ್ಕೆ ಹೊಂದಲು ನೀರು ಬಿಟ್ಟು, ಸ್ವೆಟರ್ ಹಾಕಿಕೊಂಡು ಬೆವರಿಳಿಸುವುದೂ ಇಷ್ಟೇ ಅಪಾಯ. ಬೆಳೆಯುವ ಹುಡುಗ ಮೇಲಿನ ವರ್ಗಕ್ಕೆ ಹೋಗುವುದೇ ಸರಿ.

ಪ್ರಾಕ್ಟೀಸಿನಿಂದ ಬರುವಾಗ ಬೈಕಿನ ಮೇಲೆ "ಎಷ್ಟು ಟೈಮಿಂಗ್ ಬಂತು?" ಅಂತ ಕೇಳದಿದ್ದರೆ ಮಗು ಅರ್ಧ ಹಗುರವಾಗುತ್ತದೆ. "ಹಸಿವಾಯ್ತಾ?" ಅಂತ ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.

ಕೊನೆಯ ಕೆಲಸ, ಆ ನೋಟ್‌ಬುಕ್ಕನ್ನು ತಿಂಗಳಿಗೊಮ್ಮೆ ಕೋಚ್‌ಗೆ ತೋರಿಸುವುದು. ಮಗುವಿನ ಮುಂದೆ ವಾದ ಬೇಡ. ಗ್ರೌಂಡಿನ ಪಕ್ಕ ಐದು ನಿಮಿಷ ಬಿಡುವು ಮಾಡಿಕೊಂಡು, "ಸರ್, ಹೋದ ವಾರ ಸರಾಸರಿ ಆರು ಗಂಟೆ ನಿದ್ದೆ ಆಗಿದೆ, ನಾಡಿ ಏರಿದೆ, ಬುಧವಾರದ ಬೆಳಗಿನ ಸೆಷನ್ ಬಿಡಬಹುದಾ?" ಅಂತ ಕೇಳಿ. ಅಂಕಿ ಎದುರಿಗಿದ್ದರೆ ಒಳ್ಳೆಯ ಕೋಚ್ ಖಂಡಿತ ಯೋಚಿಸುತ್ತಾರೆ. ನಿದ್ದೆಯ ಮಾತೆತ್ತಿದರೇ ರೇಗುವವರಾದರೆ, ಬೇರೆ ಕೋಚ್ ಹುಡುಕಿ.